ಮೀನಿನ ಮುಳ್ಳು ತಾನೆ ಅಂತ ಎಸೀಬೇಡಿ

ಮಾನ್ಯರೇ,

ಉತ್ಖನನದಲ್ಲಿ ಸಿಗೋ ಹಳೇ ಮೀನಿನ ಮುಳ್ಳಿಗೂ ಡಿಎನ್‌ಎ ಟೆಸ್ಟಾ, ದುಡ್ಡು ದಂಡ ಅಂತ ಮೊನ್ನೆ ನಮ್ಮೂರ ಕಟ್ಟೆ ಮೇಲೆ ಎಲ್ಲ ನಕ್ರು. ಅಲ್ಲಿ ನನ್ನ ಮಾತು ಯಾರೂ ಕೇಳ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಊಟ ಆದ್ಮೇಲೆ ತಟ್ಟೆ ಅಂಚಲ್ಲಿರೋ ಬೆನ್ನೆಲುಬಿನ ಮಣಿ ನೋಡಿ ಇದು ಯಾವ ಮೀನು ಅಂತ ಎಷ್ಟು ಜನ ಹೇಳ್ತೀರಿ? ಸಾವಿರ ವರ್ಷ ಮಣ್ಣಲ್ಲಿದ್ದು ಮುರಿದಿದ್ರಂತೂ ಕೇಳೋದೇ ಬೇಡ. ತಲೆ ಮೂಳೆ ಸಿಕ್ರೆ ಜಾತಿ ಗೊತ್ತಾಗಬಹುದು, ಆದ್ರೆ ಯಾವ ಕಡಲಿಂದ ಬಂತು ಅನ್ನೋದು ಕಣ್ಣಿಗೆ ಕಾಣಲ್ಲ.

ಜರ್ಮನಿಯಲ್ಲಿ ಹೈತಾಬು ಅಂತ ವೈಕಿಂಗರ (ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ಕಡಲ ಜನ) ಕಾಲದ ವ್ಯಾಪಾರದ ಊರಿತ್ತು, ಅಲ್ಲಿ ಸಿಕ್ಕ ಕಾಡ್ (cod) ಅನ್ನೋ ಚಳಿ ಕಡಲಿನ ಮೀನಿನ ಮೂಳೆ ಪುಡಿ ಮಾಡಿ ಉಳಿದಿದ್ದ ಚೂರುಪಾರು ಡಿಎನ್‌ಎ ತೆಗೆದು ಈಗ ಬದುಕಿರೋ ಕಾಡ್‌ಗಳ ಜೊತೆ ಹೋಲಿಸಿದ್ರು. ಬಾಲ್ಟಿಕ್ ಸಮುದ್ರ ಪಕ್ಕದಲ್ಲೇ ಇದ್ರೂ ಮೀನು ಬಂದಿದ್ದು ಮಾತ್ರ ನಾರ್ವೆಯ ಉತ್ತರದ ತುದಿ ಕಡೆಯಿಂದ! ನೇರ ಅಳೆದ್ರೂ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. 2017ರಲ್ಲಿ ಪ್ರಕಟ ಆದ ಸಂಶೋಧನೆ ಇದು. ಆ ಕಡೆಯ ಕಾಡ್‌ನ ಕ್ರೋಮೋಸೋಮಲ್ಲಿ, ಅಂದ್ರೆ ಡಿಎನ್‌ಎ ಸುತ್ತಿಕೊಂಡಿರೋ ಎಳೆಯಲ್ಲಿ, ಕೆಲವು ತುಂಡು ತಿರುಗುಮುರುಗಾಗಿ ಕೂತಿರುತ್ತೆ, ಗುರುತು ಸಿಕ್ಕಿದ್ದೇ ಅದರಿಂದ. ಅಷ್ಟು ದೂರ ಹಸಿ ಮೀನು ಕೆಡದೆ ಬರುತ್ತಾ? ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಇವತ್ತಿಗೂ ಉಪ್ಪೇ ಹಾಕ್ದೆ ಚಳಿಗಾಳಿಗೆ ನೇತುಹಾಕಿ ಒಣಗಿಸ್ತಾರೆ, ಅಂಥದ್ದೇ ಒಣಮೀನು ಬಂದಿರ್ಬೇಕು. ಮಳೆಗಾಲಕ್ಕೆ ಅಂತ ಒಣಮೀನು ಕಟ್ಟಿಡೋ ನಮ್ಮ ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಅಂದ್ರೆ ನಾಲ್ಕೈದು ಮೂಳೆ ಸೇರಿ ಸಾವಿರ ವರ್ಷದ ಹಿಂದಿನ ಒಂದು ವ್ಯಾಪಾರದ ದಾರಿ ತೋರಿಸಿದ್ವು, ಇದು ದಂಡ ಹೇಗಾಗುತ್ತೆ ಹೇಳಿ.

ನಮ್ಮ ಉಪಖಂಡದಲ್ಲೂ ಇಂಥದ್ದಿದೆ. ಕಡಲಿಂದ ನೂರಾರು ಕಿಲೋಮೀಟರ್ ಒಳಗಿರೋ ಹರಪ್ಪದಲ್ಲೇ ಸಮುದ್ರದ ಕ್ಯಾಟ್‌ಫಿಶ್ ಮೂಳೆ ಸಿಕ್ಕಿದೆ, ಅದನ್ನ ಮೂಳೆ ನೋಡೇ ಗುರುತಿಸಿದ್ದು. ಡಿಎನ್‌ಎ ಮಾತ್ರ ನಮ್ಮ ಸೆಕೆಗೆ ಬೇಗ ಹಾಳಾಗುತ್ತೆ; ಹರಿಯಾಣದಲ್ಲಿ ರಾಖಿಗಢಿ ಅನ್ನೋ ಹರಪ್ಪ ಕಾಲದ ಊರಲ್ಲಿ ಮನುಷ್ಯರದ್ದೇ 60ಕ್ಕೂ ಹೆಚ್ಚು ಸ್ಯಾಂಪಲ್ ನೋಡಿದ್ರೂ ಕೆಲಸಕ್ಕೆ ಬಂದಿದ್ದು ಒಂದೇ ಒಂದು.

ಹಾಗಂತ ಕೈಬಿಡೋದಲ್ಲ. ಉತ್ಖನನ ಮಾಡೋರು ಮಣ್ಣನ್ನ ಸಣ್ಣ ಕಣ್ಣಿನ ಜರಡಿಯಲ್ಲೇ ಹಿಡೀಲಿ, ದೊಡ್ಡ ಕಣ್ಣಿಂದಾದ್ರೆ ತಾರ್ಲೆಯಂಥ ಮೀನಿನ ಮುಳ್ಳು ಮಣ್ಣಿನ ಜೊತೆಗೇ ಹೋಗಿಬಿಡುತ್ತೆ. ಸಿಕ್ಕಿದ್ದಕ್ಕೆ ವಾರ್ನಿಶ್ ಗೀರ್ನಿಶ್ ಬಳೀದೆ, ಬರಿಗೈಲಿ ಮುಟ್ಟದೆ ಒಂದಷ್ಟನ್ನ ತಣ್ಣಗೆ ಒಣಗಿದ ಜಾಗದಲ್ಲಿ ಎತ್ತಿಡಲಿ. ವರದಿಯಲ್ಲಿ ಬರೀ ‘ಮೀನಿನ ಮೂಳೆಗಳು ದೊರೆತಿವೆ’ ಅಂತ ಒಂದು ಸಾಲು ಬರೆದು ಮುಗಿಸೋದು ಬೇಡ, ಎಷ್ಟು ಸಿಕ್ತು, ಯಾವ ಪದರದಲ್ಲಿ ಸಿಕ್ತು ಅನ್ನೋದನ್ನೂ ಹಾಕ್ಲಿ.

– ನಿಮ್ಮ ಓದುಗ, ಕುಮಟಾ