ಮಲೆನಾಡಿನ ಗಿಡ ಮಲೆನಾಡಿನ ನರ್ಸರಿಯಲ್ಲೂ ಸಿಗಲಿ

ಮಾನ್ಯ ಸಂಪಾದಕರೇ,

ಫಲಪುಷ್ಪ ಪ್ರದರ್ಶನ ಬಂತೆಂದರೆ ಪತ್ರಿಕೆಯಲ್ಲಿ ಚಂದದ ಫೋಟೊಗಳು ಬರುತ್ತವೆ. ಗುಲಾಬಿಯ ದೇವಸ್ಥಾನ, ಸೇವಂತಿಗೆಯ ಆನೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ, ಮಕ್ಕಳನ್ನು ಕರೆದುಕೊಂಡು ನಾನೂ ಹೋಗುತ್ತೇನೆ. ಆದರೆ ನಮ್ಮ ತೋಟದ ಬೇಲಿಯಲ್ಲಿ, ಕಾಡಂಚಿನಲ್ಲಿ ತಾನಾಗಿ ಹುಟ್ಟುವ ಗಿಡಗಳಿಗೆ ಅಲ್ಲೊಂದು ಜಾಗ ಬೇಡವಾ?

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮಳೆಗಾಲಕ್ಕೆ ಮುಂಚೆ ಕೆಂಪು ಹೂಗೊಂಚಲಿನ ಕೇಪಳ, ಪರಿಮಳದ ಹೂವಿನ ಸುರಗಿ ಮರದ ಸಸಿ, ಈಶ್ವರಿ ಬಳ್ಳಿ ಸಿಗುತ್ತದಾ ಅಂತ ಪೇಟೆಯ ನರ್ಸರಿಯಲ್ಲಿ ಕೇಳಿದೆ. "ಅದೆಲ್ಲ ಕಾಡು ಗಿಡ ಅಕ್ಕಾ, ದುಡ್ಡು ಕೊಟ್ಟು ಯಾರು ತಗೋತಾರೆ? ಟ್ರಾಪಿಕಲ್ ಲುಕ್ ಬೇಕಂದ್ರೆ ಇದನ್ನ ಹಾಕಿ" ಅಂತ ಹುಡುಗ ಅರೆಕಾ ಪಾಮ್ ತೋರಿಸಿದ. ಅದು ಮಡಗಾಸ್ಕರ್ ಕಡೆಯದು. ಪಕ್ಕದಲ್ಲಿದ್ದ ಫಾಕ್ಸ್‌ಟೇಲ್ ಪಾಮ್ ಆಸ್ಟ್ರೇಲಿಯಾದ್ದು. ಪಶ್ಚಿಮ ಘಟ್ಟದ ಮಡಿಲಲ್ಲೇ ಇರುವ ನಮಗೆ ಟ್ರಾಪಿಕಲ್ ಲುಕ್ ಮಡಗಾಸ್ಕರ್‌ನಿಂದ ಬರಬೇಕಂತೆ!

ಹೊರಗಿನ ಗಿಡ ಅಂತ ನನಗೇನೂ ಸಿಟ್ಟಿಲ್ಲ. ನಾವು ಉಣ್ಣುವ ಅನ್ನ ಕಾಫಿಯದು, ಅರೇಬಿಕಾ ಇಥಿಯೋಪಿಯಾದ ಗಿಡ. 1760ರಲ್ಲಿ ಹೈದರಾಲಿ ಶುರು ಮಾಡಿದ ಲಾಲ್‌ಬಾಗ್‌ನಲ್ಲಿ ದೇಶವಿದೇಶದ ಮರಗಳಿವೆ, ಬೆಂಗಳೂರಿಗೆ ಹೋದಾಗ ಅಲ್ಲಿ ಸುತ್ತಾಡುವುದು ನನಗೂ ಇಷ್ಟ. ಆದರೆ ಕೆಲವು ಗಿಡ ಹಾಕಿದ ಕಡೆ ನಿಲ್ಲುವುದಿಲ್ಲ. ಲಾನ್ ಅಂಚಿಗೆ ಹಾಕುವ ಹಳದಿ ಹೂವಿನ ವೆಡೇಲಿಯಾ ನೋಡಿ. ಗಂಟುಗಂಟಿಗೂ ಬೇರು ಬಿಟ್ಟು ಹಬ್ಬುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ನಮ್ಮ ಹತ್ತಿರದ ಹಳ್ಳಕ್ಕೆ ಮೇಲಿನ ರೆಸಾರ್ಟಿನಿಂದ ಇಳಿದು ಬಂದದ್ದು ಈಗ ದಡವನ್ನೆಲ್ಲ ಮುಚ್ಚಿದೆ. ಬ್ರಿಟಿಷರ ಕಾಲದಲ್ಲಿ ಲಂಟಾನವೂ ಅಂದಕ್ಕೆಂದೇ ಬಂದದ್ದು. ಬಂಡೀಪುರದ ಕಾಡಿಗೆ ಹೋದವರು ಅದು ಎಷ್ಟು ಹಬ್ಬಿದೆ ಅಂತ ನೋಡಿರುತ್ತೀರಿ.

ಈಶ್ವರಿ ಬಳ್ಳಿಯನ್ನು ಕೊನೆಗೆ ನಮ್ಮ ತೋಟದ ಬೇಲಿಯಿಂದಲೇ ತಂದು ಕೊಟ್ಟಿಗೆ ಪಕ್ಕ ಹಬ್ಬಿಸಿದೆ. "ಕಿತ್ತು ಬಿಸಾಡೋ ಬಳ್ಳಿಗೆ ಚಪ್ಪರ ಹಾಕ್ತಿಯಲ್ಲ ಮಾರಾಯ್ತಿ" ಅಂದರು ನಮ್ಮತ್ತೆ. ಬಳ್ಳಿ ಚಿಗುರಿದ ಮೇಲೆ ಎಲೆ ತುಂಬ ಹುಳ. ಕಡುಗೆಂಪು ಮೈ, ಮೇಲೆಲ್ಲ ಮೆತ್ತನೆಯ ಮುಳ್ಳು, ಸೊಂಟಕ್ಕೊಂದು ಬಿಳಿ ಪಟ್ಟಿ. ಎಲೆ ಖಾಲಿ ಮಾಡಿ ಒಂದೊಂದೇ ಮರೆಗೆ ಹೋಗಿ, ಸೊಂಟಕ್ಕೆ ನೂಲು ಕಟ್ಟಿಕೊಂಡು ಕೋಶವಾದವು. ಅದರಿಂದ ಹೊರಗೆ ಬಂದದ್ದು ನಮ್ಮ ರಾಜ್ಯದ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊನ್ನಿನ ಬಣ್ಣ, ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಇರುತ್ತದೆ. ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನೆಂಟ ಗಿಡಗಳ ಮೇಲಷ್ಟೇ ಅದು ಮೊಟ್ಟೆ ಇಡುತ್ತದೆ. ಎಲೆಯ ವಿಷ ಹುಳುವಿನ ಮೈಗೆ ಸೇರುವುದರಿಂದ ಹಕ್ಕಿಗಳು ಮುಟ್ಟುವುದಿಲ್ಲ. ಅಂದ ಹಾಗೆ, ಹಾವು ಕಚ್ಚಿದರೆ ಈ ಬಳ್ಳಿ ಅರೆದು ಕುಡಿಸುವ ಅಭ್ಯಾಸ ಇದೆ. ದಯವಿಟ್ಟು ಬೇಡ, ಅದೇ ವಿಷ ಕಿಡ್ನಿ ಕೆಡಿಸುತ್ತದೆ. ಸೀದಾ ಆಸ್ಪತ್ರೆಗೆ ಹೋಗಿ.

ಚಿಟ್ಟೆ ಬಂದ ಮೇಲೆ ಅತ್ತೆ ಸುಮ್ಮನಾದರು. ಬೆಂಗಳೂರಿನ ಗೆಸ್ಟ್‌ಗಳು ಕಾಫಿ ಲೋಟ ಹಿಡಿದು ಕೊಟ್ಟಿಗೆ ಹತ್ತಿರ ನಿಂತರೆ, "ಅಲ್ಲಿ ಕೇಪಳದ ಹೂವಿಗೂ ಬರ್ತಾವೆ ನೋಡಿ" ಅಂತ ಅವರೇ ತೋರಿಸುತ್ತಾರೆ.

ತೋಟ ಇರುವವರಿಗೆ ಇನ್ನೊಂದು ಮಾತು. ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದಾಗ, ಬೀಳುವ ಕೊಂಬೆಗಳಲ್ಲಿ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಇದ್ದೇ ಇರುತ್ತದೆ. ಆಳುಗಳು ಅದನ್ನು ಸೌದೆ ಜೊತೆ ಹೊರೆ ಕಟ್ಟುತ್ತಾರೆ. ಬೇರು ಮುರಿಯದಂತೆ ಬಿಡಿಸಿ, ಹಳೇ ಕಾಟನ್ ಸೀರೆಯ ಪಟ್ಟಿಯಲ್ಲಿ ಹಾಲವಾಣ ಮರದ ಕಾಂಡಕ್ಕೆ ಕಟ್ಟಿದರೆ ಸಾಕು. ಮಣ್ಣೂ ಬೇಡ, ಗೊಬ್ಬರವೂ ಬೇಡ. ಬಟ್ಟೆ ಕೊಳೆಯುವ ಹೊತ್ತಿಗೆ ಬೇರು ತೊಗಟೆ ಹಿಡಿದಿರುತ್ತದೆ. ಬಿದ್ದದ್ದನ್ನು ಮಾತ್ರ ತನ್ನಿ, ಕಾಡಿಗೆ ಹೋಗಿ ಕೀಳಬೇಡಿ.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊನ್ನೆ, ನೇರಳೆ, ಹಲಸು ಕಡಿಮೆ ಬೆಲೆಗೆ ಸಿಗುತ್ತವೆ. ಒಳ್ಳೆಯದೇ. ಆದರೆ ಅವೆಲ್ಲ ದೊಡ್ಡ ಮರಗಳು. ಐದಾರು ಕುಂಡ ಇಡುವಷ್ಟೇ ಅಂಗಳ ಇರುವ ಪೇಟೆಯವರಿಗೆ ಬೇಕಾದದ್ದು ಕೇಪಳ, ನೆಕ್ಕರೆ, ಕರ್ಣಕುಂಡಲದಂಥ ಸಣ್ಣವು. ವಯನಾಡಿನ ಪೆರಿಯದಲ್ಲಿ 1981ರಲ್ಲಿ ಶುರುವಾದ ಗುರುಕುಲ ಸಸ್ಯಧಾಮದಲ್ಲಿ ಘಟ್ಟದ ಜರಿಗಿಡ, ಸೀತಾಳೆ, ಕರ್ಣಕುಂಡಲಗಳನ್ನೇ ಸಾಕಿ ಉಳಿಸಿದ್ದಾರೆ. ಅವರ ಮಳೆಯೂ ನಮ್ಮದೇ ಮಳೆ, ಅಲ್ವಾ? ಜೂನ್ ಜುಲೈನಲ್ಲಿ ಗುಲಾಬಿ ಬೂಸ್ಟು ಹಿಡಿದು ಒದ್ದಾಡುವಾಗ ಈ ಗಿಡಗಳಿಗೆ ಜಡಿಮಳೆಯೇ ಹಬ್ಬ.

ಹಾಗಾಗಿ ತೋಟಗಾರಿಕೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಪ್ರದರ್ಶನದಲ್ಲಿ ನಮ್ಮ ಜಿಲ್ಲೆಯ ಗಿಡಗಳಿಗೆ ಒಂದು ಮೂಲೆ ಕೊಡಿ. ಜನ ಕರೆಯುವ ಹೆಸರನ್ನೇ ಬೋರ್ಡಿನಲ್ಲಿ ಬರೆಸಿ, ಸಸಿಯನ್ನೂ ಮಾರಾಟಕ್ಕಿಡಿ. ಕೇಪಳ ಕಡ್ಡಿಯಿಂದ ಬರುತ್ತದೆ, ಈಶ್ವರಿ ಬಳ್ಳಿ ಬೀಜದಿಂದ. ಇವೆರಡನ್ನೂ ಬೇಕಾದಷ್ಟು ನಾನೇ ತಂದು ಕೊಡುತ್ತೇನೆ, ದುಡ್ಡು ಬೇಡ. ಸುರಗಿ ಸಸಿ ಎಲ್ಲಿ ಸಿಗುತ್ತದೆ ಅಂತ ಓದುಗರಿಗೆ ಗೊತ್ತಿದ್ದರೆ ಇದೇ ಅಂಕಣಕ್ಕೆ ಬರೆಯಿರಿ.

— ಹೋಂಸ್ಟೇ ನಡೆಸುವ ಓದುಗರು, ಮೂಡಿಗೆರೆ ತಾಲ್ಲೂಕು