ಒಂದು ಪುಟ, ಒಂದು ಬಾಕ್ಸ್: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯಲು ಒಪ್ಪಿಕೊಂಡೆ ಅಂತ ತಿಳಿದು ಖುಷಿಯಾಯಿತು. ಅದೂ ಒಂದೇ ಸಲಕ್ಕೆ ಹೊಸ ಕಥಾಸಂಕಲನ ಒಂದು, ಹದಿಹರೆಯದವರ ಕಾದಂಬರಿ ಒಂದು. "ದೊಡ್ಡವರದ್ದಕ್ಕೆ ಒಂದು ಪುಟ, ಮಕ್ಕಳದ್ದಕ್ಕೆ ಕೆಳಗೊಂದು ಬಾಕ್ಸ್ ಸಾಕಲ್ವಾ?" ಅಂತ ಕೇಳಿದ್ದೀಯಲ್ಲ, ಸಾಲದು ಮಾರಾಯ. ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ ಅಂತ ಬರೆಯುತ್ತಿದ್ದೇನೆ.

ನಮ್ಮಲ್ಲಿ ಇದು ಹಳೆಯ ಚಾಳಿ. ದೊಡ್ಡವರ ಕಾದಂಬರಿಗಾದರೆ ಭಾಷೆ, ತಂತ್ರ, ನಿರೂಪಕ ಯಾರು, ಯಾವ ಜಾತಿಯ ಅಂಗಳದಿಂದ ನೋಡುತ್ತಿದ್ದಾನೆ, ಎಲ್ಲ ಕೆದಕುತ್ತೇವೆ. ಮಕ್ಕಳ ಕಾದಂಬರಿ ಬಂತೋ, "ಸರಳ ಭಾಷೆ, ಅಂದದ ಚಿತ್ರಗಳು, ಪ್ರತಿ ಶಾಲೆಯಲ್ಲೂ ಇರಬೇಕಾದ ಪುಸ್ತಕ." ಇಷ್ಟನ್ನು ಪುಸ್ತಕ ತೆರೆಯದೆಯೂ ಬರೆಯಬಹುದು. ಎಷ್ಟೋ ಪುಸ್ತಕಗಳಿಗೆ ಆ ಭಾಗ್ಯವೂ ಇಲ್ಲ, 'ಸಾದರ ಸ್ವೀಕಾರ'ದಲ್ಲಿ ಹೆಸರು, ಬೆಲೆ ಅಚ್ಚಾದರೆ ಮುಗಿಯಿತು. ಹಾಗಂತ ಬರೆಯುವವರಿಗೆ ಬರವಿಲ್ಲ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ 2021ರಿಂದ ಮೂರು ವರ್ಷ ಸಾಲಾಗಿ ಕಾದಂಬರಿಗಳಿಗೇ ಬಂತು: ಬಸು ಬೇವಿನಗಿಡದ ಅವರ 'ಓಡಿಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಅಭಿನಂದನೆಗಳು ಬೇಕಾದಷ್ಟು ಹರಿದವು. ಯಾವ ಅಧ್ಯಾಯ ಗೆದ್ದಿತು, ಯಾವುದು ಎಡವಿತು ಅಂತ ಕೂತು ವಾದ ಮಾಡಿದವರು ಎಷ್ಟು ಜನ ಹೇಳು.

ನಮ್ಮ ಸಾಗರದ ನಾ. ಡಿಸೋಜರನ್ನೇ ನೆನೆಸಿಕೋ. ಶರಾವತಿ ಯೋಜನೆಯಲ್ಲಿ ನೌಕರಿ ಮಾಡುತ್ತಲೇ, ಊರುಗಳು ನೀರಿಗೆ ಹೋದದ್ದನ್ನು ಹತ್ತಿರದಿಂದ ಕಂಡವರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಆ ನೀರು ಅವರ ಬರವಣಿಗೆಯಿಂದ ಕೊನೆಯವರೆಗೂ ಇಳಿಯಲಿಲ್ಲ. ದೊಡ್ಡವರಿಗೆ 'ದ್ವೀಪ' ಬರೆದರು. ಅದು 2002ರಲ್ಲಿ ಕಾಸರವಳ್ಳಿಯವರ ಕೈಯಲ್ಲಿ ಸಿನಿಮಾ ಆದಮೇಲೆ ಅದರ ಬಗ್ಗೆ ಸಾಕಷ್ಟು ಚರ್ಚೆಯೂ ಆಯಿತು. ಮಕ್ಕಳಿಗೆ 'ಮುಳುಗಡೆಯ ಊರಿಗೆ ಬಂದವರು' ಬರೆದರು, 2011ರ ಬಾಲ ಸಾಹಿತ್ಯ ಪುರಸ್ಕಾರ ಅದಕ್ಕೆ ಬಂತು. ಮಕ್ಕಳಿಗೆಂದ ಮಾತ್ರಕ್ಕೆ ಅವರು ಮುಳುಗಡೆಯನ್ನು ಬದಿಗಿಟ್ಟು ಮೊಲ, ಆಮೆ ಅಂತ ಹೊರಡಲಿಲ್ಲ. ಒಂದೇ ವಸ್ತು ಎರಡು ವಯಸ್ಸಿನ ಓದುಗರ ಮುಂದೆ ಹೇಗೆ ಬೇರೆಯಾಯಿತು, ಯಾವುದನ್ನು ಬಿಟ್ಟರು, ಯಾವುದನ್ನು ಬಿಡಲು ಒಪ್ಪಲಿಲ್ಲ, ಇದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ವಿಮರ್ಶಕನಿಗೆ ಹಬ್ಬ. ನಾವೋ, ಒಂದನ್ನು ವಿಚಾರಸಂಕಿರಣಕ್ಕೆ ಒಯ್ದೆವು, ಇನ್ನೊಂದನ್ನು ಶಾಲೆಯ ಕಪಾಟಿಗೆ ಸೇರಿಸಿ ಬೀಗ ಹಾಕಿದೆವು.

ಸರಿ, ನಿನ್ನ ಕೈಯಲ್ಲಿರುವ ಪುಸ್ತಕಕ್ಕೆ ಬರೋಣ. ಮೊದಲು ಮಾತುಗಳನ್ನು ಕೇಳಿಸಿಕೋ. ಏಳನೇ ಕ್ಲಾಸಿನ ಹುಡುಗ "ಅಮ್ಮಾ, ನಾನು ಕ್ರೀಡಾಂಗಣಕ್ಕೆ ತೆರಳುತ್ತಿದ್ದೇನೆ" ಅಂದರೆ ಅಲ್ಲಿಗೇ ಪೆನ್ಸಿಲ್ ಗೀರು ಹಾಕು. ಯಾವ ಹುಡುಗನೂ ಹಾಗನ್ನುವುದಿಲ್ಲ, "ಗ್ರೌಂಡಿಗ್ ಹೋಗ್ಬರ್ತೀನಿ" ಅನ್ನುವಷ್ಟರಲ್ಲಿ ಗೇಟು ದಾಟಿರುತ್ತಾನೆ. ಆಮೇಲೆ ಕೊನೆಯ ಅಧ್ಯಾಯ. ಅಲ್ಲಿ ಮೇಷ್ಟ್ರೋ ಅಜ್ಜನೋ ಎದ್ದು ನಿಂತು ಪರಿಸರದ ಮೇಲೆ ಭಾಷಣ ಶುರು ಮಾಡಿದರೆ, ಲೇಖಕರಿಗೆ ತಮ್ಮ ಕತೆಯ ಮೇಲೆ ನಂಬಿಕೆ ಸಾಲಲಿಲ್ಲ ಅಂತ ನಿಸ್ಸಂಕೋಚವಾಗಿ ಬರೆ. ದೊಡ್ಡವರ ಕತೆಯಲ್ಲಿ ಹಾಗೆ ಮಾಡಿದ್ದರೆ ಸುಮ್ಮನೆ ಬಿಡುತ್ತಿದ್ದೆಯಾ?

ಮತ್ತೆ, ಆ ವಯಸ್ಸಿನ ಒಬ್ಬರಿಗಾದರೂ ಓದಲು ಕೊಡು. ಪಕ್ಕದ ಮನೆ ಹುಡುಗಿಗೆ ಒಂದು ಕಾದಂಬರಿ ಕೊಟ್ಟಿದ್ದೆ. ಓದಿ ವಾಪಸು ತಂದವಳು, "ಅಂಕಲ್, ಆ ನಾಯಿ ಏನಾಯ್ತು?" ಅಂದಳು. ಎರಡನೇ ಅಧ್ಯಾಯದಲ್ಲಿ ಹುಡುಗ ಮಳೆಯಲ್ಲಿ ನೆನೆದುಕೊಂಡು ಎತ್ತಿ ತಂದ ನಾಯಿಮರಿ ಅದು. ಆಮೇಲೆ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ಬಿಡುಗಡೆಯ ದಿನ ವೇದಿಕೆ ಮೇಲೆ ಮಾತಾಡಿದ ಯಾರೊಬ್ಬರಿಗೂ ಆ ನಾಯಿ ನೆನಪಿರಲಿಲ್ಲ. ಮಕ್ಕಳು ಹೇಳುವುದನ್ನೇ ತೀರ್ಪು ಅಂತ ಬರೆಯಬೇಡ, ಅವರಿಗೂ ಸೋಮಾರಿತನ ಇರುತ್ತದೆ. ಆದರೆ ಎಲ್ಲಿ ಓದು ನಿಲ್ಲಿಸಿದರು ಅನ್ನುವುದನ್ನು ಕೇಳದೆ ಬಿಡಬೇಡ.

ಕಥಾಸಂಕಲನದ ಬಗ್ಗೆ ನಿನಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲ ಕತೆಗಳ ಸಾರಾಂಶ ಒಪ್ಪಿಸಬೇಡ, ಎರಡು ಮೂರನ್ನು ಆರಿಸಿಕೊಂಡು ಆಳಕ್ಕಿಳಿ. ಇನ್ನೊಂದು: 2025ರಲ್ಲಿ 'ಹಾರ್ಟ್ ಲ್ಯಾಂಪ್' ಸಂಕಲನಕ್ಕಾಗಿ ಬಾನು ಮುಷ್ತಾಕ್ ಮತ್ತು ಅದನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಮೇಲೆ, ಯಾವ ಹೊಸ ಕತೆಗಾರರ ಬಗ್ಗೆ ಬರೆದರೂ "ಜಾಗತಿಕ ಮಟ್ಟಕ್ಕೇರಬಲ್ಲ" ಅಂತ ಸೇರಿಸುವ ಗೀಳು ಹತ್ತಿದೆ. ಅದರಲ್ಲಿರುವ ಹನ್ನೆರಡು ಕತೆಗಳನ್ನು ಬಾನು ಬರೆದದ್ದು 1990ರಿಂದ 2023ರವರೆಗಿನ ಅವಧಿಯಲ್ಲಿ. ಅಷ್ಟು ವರ್ಷ ಅವು ಇಲ್ಲೇ, ಕನ್ನಡದಲ್ಲೇ ಇದ್ದವಲ್ಲ, ನಾವು ಎಷ್ಟು ಓದಿದ್ದೆವು ಅಂತ ಕೇಳಿಕೊಂಡರೆ ಆ ಮಾತು ಬರೆಯಲು ಕೈ ಬಾರದು.

ಮುನ್ನುಡಿ, ಬೆನ್ನುಡಿಗಳನ್ನು ನಿನ್ನ ಬರಹ ಮುಗಿಸಿದ ಮೇಲೆ ಓದು. ಮೊದಲೇ ಓದಿದರೆ ಆ ಹಿರಿಯರ ವಾಕ್ಯಗಳು ನಿನ್ನ ಪೆನ್ನಿನಲ್ಲಿ ಇಳಿಯುತ್ತವೆ. ಲೇಖಕರು ಫೋನ್ ಮಾಡಿ "ಸರ್, ಪುಸ್ತಕ ನೋಡಿದ್ರಾ?" ಅನ್ನಬಹುದು. "ಓದ್ತಾ ಇದೀನಿ" ಅನ್ನು, ಮುಂದಕ್ಕೆ ಬೆಳೆಸಬೇಡ. ಸಣ್ಣ ಊರು, ನಾಳೆ ಸಂತೆಯಲ್ಲಿ ಎದುರಾಗುತ್ತಾರೆ, ಗೊತ್ತು. ಚೆನ್ನಾಗಿಲ್ಲದ್ದನ್ನು ಅವರದೇ ಒಂದು ಪ್ಯಾರಾ ಎತ್ತಿ ತೋರಿಸಿ ಹೇಳಿದರೆ ಹೆಚ್ಚಿನವರು ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ಪುಟ ಸಂಖ್ಯೆಯಾದರೂ ಅವರ ಕೈಯಲ್ಲಿರುತ್ತದೆ.

ಸಂಪಾದಕರಿಗೆ ಈಗಲೇ ಫೋನ್ ಮಾಡಿ ಎರಡಕ್ಕೂ ಸಮ ಜಾಗ ಕೇಳು. ಕೊಡದಿದ್ದರೆ ಮಕ್ಕಳ ಕಾದಂಬರಿಯನ್ನು ಮುಂದಿನ ವಾರಕ್ಕೆ ಇಡಿಸು, ಬಾಕ್ಸ್ ಮಾತ್ರ ಬೇಡ. ಪ್ರಕಾಶಕರು, ಪುಟ, ಬೆಲೆ ಹಾಕುವಾಗ ಚಿತ್ರ ಬರೆದವರ ಹೆಸರನ್ನೂ ಹಾಕು. ಅದನ್ನು ಎಲ್ಲರೂ ಬಿಡುತ್ತಾರೆ.

ನಿನ್ನ,
ಶ್ರೀಧರ