ಭಾನುವಾರದ ಸ್ಪ್ಯಾನಿಷ್ ಪಾಠಕ್ಕೆ ಮುಂಚೆ ಓದಿ: 'ತ್ಯೆಂಪೊ'

ಎಲ್ಲರಿಗೂ ನಮಸ್ಕಾರ. 'ತ್ಯೆಂಪೊ' ಎದುರು 'ಸಮಯ' ಅಂತಷ್ಟೇ ಬರೆದುಕೊಂಡವರು ಪಕ್ಕದಲ್ಲೇ 'ಹವೆ' ಅಂತಲೂ ಸೇರಿಸಿ. 'ನೊ ತೆಂಗೊ ತ್ಯೆಂಪೊ' ಅಂದರೆ ನನಗೆ ಪುರುಸೊತ್ತಿಲ್ಲ. 'ಆಸೆ ಮಾಲ್ ತ್ಯೆಂಪೊ' ಅಂದರೆ ಹವೆ ಸರಿಯಿಲ್ಲ. ಆಗುಂಬೆಯವರಿಗೆ ಮಳೆಗಾಲಪೂರ್ತಿ ಇದೊಂದೇ ವಾಕ್ಯ ಸಾಕು, ಅಲ್ವಾ?

ಎಡವುವುದು ಮುಂದೆ. 'ಆಸೆ ಮೂಚೊ ತ್ಯೆಂಪೊ' ಹವೆಯ ಮಾತೇ ಅಲ್ಲ, 'ತುಂಬಾ ಹಿಂದೆ' ಅಂತ. ಅದಕ್ಕೇ ನಡುವಿನ ಪದ ನೋಡಿ. 'ಆಸೆ' ಆದಮೇಲೆ ಒಳ್ಳೆಯದು, ಕೆಟ್ಟದು ಅಂತ ಬಂದರೆ ಹವೆ. ಜಾಸ್ತಿ, ಕಡಿಮೆ ಅಂತ ಬಂದರೆ ಸಮಯ. (ಈ 'ಆಸೆ' ನಮ್ಮ ಆಸೆ ಅಲ್ಲ ಮಾರಾಯ್ರೆ!)

ತೀರ್ಥಹಳ್ಳಿ, ಸಾಗರ, ಶಿವಮೊಗ್ಗದವರೆಲ್ಲ ನಿಮ್ಮೂರಿನ ಇವತ್ತಿನ ಹವೆಯನ್ನು ಸ್ಪ್ಯಾನಿಷಲ್ಲಿ ಹೇಳಿ, ಶನಿವಾರ ರಾತ್ರಿಯೊಳಗೆ ವಾಯ್ಸ್ ಮೆಸೇಜ್ ಹಾಕಿ. ಸುಮ್ನೆ ಥಂಬ್ಸಪ್ ಒತ್ತಿದರೆ ಲೆಕ್ಕಕ್ಕಿಲ್ಲ.